ತಮ್ಮ ತನ್ನ ಮಗಳನ್ನು ಕರೆತಂದದ್ದು

ಆ ಬೇಸಗೆಯಲ್ಲಿ ನನ್ನ ತಮ್ಮ ಐರ್ಲೆಂಡಿನಿಂದ ಮಗಳನ್ನು ಕರೆದುಕೊಂಡು ರೋಣಕ್ಕೆ, ನಮ್ಮ ಮನೆಗೇ ಬಂದ. ಅಲ್ಲಿ ಅವನೂ ಅವನ ಹೆಂಡತಿಯೂ ನರ್ಸ್. ಹುಡುಗಿ ಹುಟ್ಟಿದ್ದು, ಎರಡನೇ ಇಯತ್ತೆಯವರೆಗೆ ಓದಿದ್ದು ಎಲ್ಲ ಅಲ್ಲೇ.

"ಆಕಿಗೆ ರಜಾ ಸಿಗ್ಲಿಲ್ಲಕ್ಕಾ. ಮುಂದಿನ ತಿಂಗಳ ಬರ್ತಾಳ," ಅಂದ.

ನಂಬಿದೆ. ಆದರೆ ಹುಡುಗಿಯ ಫೋಟೋ ಸ್ಟೇಟಸ್‌ಗೆ ಹಾಕಿದಾಗ ನನ್ನ ಕೈಯಿಂದ ಫೋನ್ ಕಸಿದು ತಾನೇ ಅಳಿಸಿದ. ಬಂದ ಕೂಡಲೇ ಹೊಸ ಸಿಮ್ ತಗೊಂಡಿದ್ದ. ಮಗಳನ್ನು ಇಲ್ಲಿನ ಸಾಲಿಗೆ ಹಚ್ಚಲು ಓಡಾಡತೊಡಗಿದ. ರಜೆಗೆ ಬಂದ ಮಗುವಿಗೆ ಸಾಲಿ ಯಾಕೆ?

"ನಿನ್ನ ತಮ್ಮ ಏನೋ ಮುಚ್ಚಿಡಾಕತ್ತಾನ," ಅಂದರು ನಮ್ಮ ಮನೆಯವರು. ಅವರ ಮೇಲೆ ಸಿಟ್ಟು ಬಂತು. ನನಗೂ ಹಾಗೇ ಅನ್ನಿಸಿತ್ತಲ್ಲ, ಅದಕ್ಕೆ.

ಒಂದು ಮಧ್ಯಾಹ್ನ ತಲೆ ಬಾಚುವಾಗ ಹುಡುಗಿ ಕೇಳಿದಳು: "ಅತ್ತಿ, ಈ ಮನಿ ಮಮ್ಮಿಗೆ ಗೊತ್ತೈತಾ?"

"ಯಾಕವ್ವಾ?"

"ಬೀಚಿಗೆ ಹೊಂಟೀವಿ ಅಂತ ಆಕಿಗೆ ಹೇಳಿ ಬಂದೀವಿ."

ತಮ್ಮ ನರಗುಂದಕ್ಕೆ ಹೋಗಿದ್ದ ದಿನ ಅವನ ಹೆಂಡತಿಗೆ ಫೋನ್ ಹಚ್ಚಿದೆ. "ಅಕ್ಕಾರ, ಖರೇ ಹೇಳ್ರಿ, ಮಗಳು ನಿಮ್ಮಲ್ಲೇ ಅದಾಳೇನ್ರಿ?" ಎಂದವಳು ಅಳತೊಡಗಿದಳು. ಇಬ್ಬರೂ ಬೇರೆಯಾಗಿದ್ದರಂತೆ. ಮಗು ಯಾರ ಹತ್ತಿರ ಇರಬೇಕೆಂಬ ಕೇಸು ಅಲ್ಲಿನ ಕೋರ್ಟಿನಲ್ಲಿತ್ತಂತೆ. ಹುಡುಗಿಯನ್ನು ಕರೆದು ಫೋನ್ ಕೊಟ್ಟೆ.

ಸಂಜೆ ತಮ್ಮನಿಗೆ ನಾನೇ ಹೇಳಿದೆ.

"ಆಕಿ ಅತ್ತಕೂಡ್ಲೇ ನಂಬಿಬಿಟ್ಟೆಲ್ಲಾ? ಮಗಳನ್ನ ನನ್ನಿಂದ ಪೂರಾ ಕಸ್ಗೊಳ್ಳೋ ವಿಚಾರ ಆಕಿದು."

"ಹಂಗಿದ್ರ ಕೋರ್ಟಿಗೆ ಹೇಳಬೇಕಿತ್ತು. ಸುಳ್ಳು ಹೇಳಿ ಯಾಕ ತಂದಿ?"

ಅವನು ಮರುದಿನವೇ ಮಗಳನ್ನು ಗಜೇಂದ್ರಗಡಕ್ಕೆ, ಗೆಳೆಯನೊಬ್ಬನ ಮನೆಗೆ ಒಯ್ದ.

ತಮ್ಮನ ಹೆಂಡತಿ ಐರ್ಲೆಂಡಿನಿಂದ ಬಂದಳು. ಮಗುವನ್ನು ಹಾಜರುಪಡಿಸಬೇಕೆಂದು ಧಾರವಾಡದ ಹೈಕೋರ್ಟಿನಲ್ಲಿ ಅರ್ಜಿ ಹಾಕಿದಳು. ಪೊಲೀಸರು ಗಜೇಂದ್ರಗಡದಿಂದ ತಂದೆ ಮಗಳಿಬ್ಬರನ್ನೂ ಕರೆತಂದರು. ಕೋರ್ಟಿನಲ್ಲಿ ನನಗೆ ಯಾರ ಮೇಲೂ ಭರವಸೆ ಉಳಿದಿರಲಿಲ್ಲ. ಆಕೆ ಮಗುವನ್ನು ನೋಡಿಕೊಳ್ಳುತ್ತಿರಲಿಲ್ಲ ಎಂದರು ತಮ್ಮನ ವಕೀಲರು. ಅವನಿಗೆ ಸಿಟ್ಟು ಬಹಳ ಎಂದರು ಆಕೆಯ ವಕೀಲರು. ಎರಡೂ ಬಾಯಿಪಾಠದ ಹಾಗೆ ಕೇಳಿದವು. ನ್ಯಾಯಮೂರ್ತಿಗಳು ಹುಡುಗಿಯನ್ನು ತಮ್ಮ ಕೋಣೆಗೆ ಕರೆಸಿ ಮಾತಾಡಿಸಿದರು. ಒಳಗೆ ಹೇಳಬೇಕಾದ್ದನ್ನು ಯಾರಾದರೂ ಕಲಿಸಿರಬಹುದೇ ಎಂದು, ಹೊರಬಂದವಳ ಮುಖವನ್ನೇ ನೋಡಿದೆ. "ಹಸಿವು" ಅಂದಳು, ಅಷ್ಟೇ.

ಮಗುವಿನ ಮನೆ, ಸಾಲಿ, ಗೆಳತಿಯರು ಎಲ್ಲ ಐರ್ಲೆಂಡಿನಲ್ಲೇ ಇರುವುದರಿಂದ ಅಲ್ಲಿಗೆ ಕಳಿಸುವುದೇ ಅದಕ್ಕೆ ಹಿತ ಎಂದು ಆದೇಶವಾಯಿತು. ಯಾರ ಹತ್ತಿರ ಬೆಳೆಯಬೇಕೆಂಬುದನ್ನು ಅಲ್ಲಿನ ಕೋರ್ಟೇ ತೀರ್ಮಾನಿಸಬೇಕು, ತಂದೆ ಬೇಕಾದರೆ ಅಲ್ಲಿಗೆ ಹೋಗಿ ತನ್ನ ವಾದ ಹೇಳಬಹುದು.

ಹೊರಗೆ ಬಂದ ತಮ್ಮ, "ಖುಷಿ ಆತೇನಕ್ಕಾ?" ಅಂದ.

ಖುಷಿಯಾಗಿರಲಿಲ್ಲ. ಹೇಳಿದರೂ ಅವನು ನಂಬುತ್ತಿರಲಿಲ್ಲ.

ಈಗ ಮೂವರೂ ಐರ್ಲೆಂಡಿನಲ್ಲಿದ್ದಾರೆ. ಮಗಳು ತಾಯಿಯ ಹತ್ತಿರ. ಶನಿವಾರಕ್ಕೊಮ್ಮೆ ತಮ್ಮನಿಗೆ ಮಗಳ ಭೇಟಿ, ಅದೂ ಕೋರ್ಟು ನೇಮಿಸಿದ ಒಬ್ಬರ ಎದುರಿಗೆ. ಅವನು ನನಗೆ ಫೋನ್ ಮಾಡುವುದಿಲ್ಲ. ಹುಡುಗಿ ಮಾಡುತ್ತಾಳೆ. ಹೋದ ವಾರ ತನ್ನ ಪಾಸ್‌ಪೋರ್ಟ್ ಮಮ್ಮಿಯ ವಕೀಲರ ಹತ್ತಿರ ಇದೆ ಎಂದು ಹೇಳುತ್ತಿದ್ದಳು. ಹಿಂದಿನಿಂದ ತಾಯಿಯ ದನಿ ಕೇಳಿತು: "ಯಾರದು ಫೋನು?"

"ರೋಣದ ಅತ್ತಿ."

ತಾಯಿಯ ದನಿ ಹತ್ತಿರ ಬಂತು. "ಸ್ಪೀಕರ್ ಹಾಕು, ನಾನೂ ಕೇಳ್ಬೇಕು," ಅಂದಳು.