ಮುರ್ತುಜಾಸಾಬರ ಬಾಹ್ಯ ಬೆಂಬಲ

ಗೋವಾದ ವಾಸ್ಕೋ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಬಂದರಿನ ಕಡೆಯಿಂದ ಅದಿರಿನ ಕೆಂಧೂಳು ಹೊತ್ತ ಗಾಳಿ ಬೀಸುತ್ತಿದೆ. ಫುಟ್ಬಾಲ್ ಮೈದಾನದ ಈ ಮೂಲೆಯಿಂದ ಆ ಮೂಲೆಗೆ ಬಿಗಿದ ಹುರಿಯ ಗುಂಟ ಮುರ್ತುಜಾಸಾಬರು ಬಗ್ಗಿಕೊಂಡು ನಡೆಯುತ್ತಿದ್ದಾರೆ. ಕೈಯಲ್ಲಿ ತಳಕ್ಕೆ ತೂತು ಹೊಡೆದ ಎಣ್ಣೆ ಡಬ್ಬಿ. ಅದನ್ನು ಅಲುಗಿಸಿದಂತೆಲ್ಲ ಸುಣ್ಣದ ಪುಡಿ ಉದುರಿ ಹುಲ್ಲಿನ ಮೇಲೆ ನೆಟ್ಟಗೆ ಬಿಳಿ ಗೆರೆಯಾಗುತ್ತಿದೆ.

ಅರ್ಧ ಮೈದಾನ ದಾಟಿದ್ದೇ ತಡ, ಕೈ ನಿಲ್ಲುತ್ತದೆ. ಗೆರೆಯಿಂದ ಗೇಣು ದೂರದಲ್ಲಿ ಒಂದು ಬೆತ್ತದ ಕುರ್ಚಿ ಇದೆ. ಕಾವಲುಗಾರ ನಸುಕಿನಲ್ಲೇ ತಂದಿಟ್ಟು ಹೋಗಿದ್ದಾನೆ. ಮುರ್ತುಜಾಸಾಬರು ಅದನ್ನು ಮೇಲಿಂದ ಕೆಳಗೆ ನೋಡುತ್ತಾರೆ. "ಇದ ನೋಡ್ರಿ, ನನ್ನ ಹೊಟ್ಟಿ ಉರಿಯೂ ಜಾಗಾ," ಎನ್ನುತ್ತಾರೆ. ಮುಚ್ಚುಮರೆ ಇಲ್ಲ, ನಾಚಿಕೆಯಂತೂ ಇಲ್ಲವೇ ಇಲ್ಲ.

ಅಷ್ಟರಲ್ಲಿ ಹೆಂಡತಿ ಲಾಡಬಿ ರೊಟ್ಟಿ ಗಂಟು ಹಿಡಿದು ಬರುತ್ತಾರೆ. ಆ ಕುರ್ಚಿಯ ಯಜಮಾನ ಕಾಯ್ತಾನ್ ಬಾಬ್‌ನ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಅವರದು. "ಕೇಳಿದ್ರೇನ್ರಿ, ಬಾಬ ಹೇಳಿ ಕಳಿಸ್ಯಾರ. ಇವತ್ತ ಕುರ್ಚ್ಯಾಗ ನೀವ ಕುಂದ್ರಬೇಕಂತ. ಕ್ಲಬ್ಬಿನ ಸೆಕ್ರೆಟರಿನ್ನೂ ಒಪ್ಪಿಸ್ಯಾರಂತ." ಮುರ್ತುಜಾಸಾಬರು ಡಬ್ಬಿಯನ್ನು ಕೆಳಗಿಟ್ಟು ಕುರ್ಚಿಯ ಕಡೆ ತಿರುಗುತ್ತಾರೆ. ಹನ್ನೊಂದು ವರ್ಷದಿಂದ ಆಸೆಪಟ್ಟ ಕುರ್ಚಿ ಇವತ್ತು ತಾನಾಗಿ ಬಂದಿದೆ. ಕೂರಬೇಕೋ ಬೇಡವೋ? "ಅವ ಎಲ್ಲಿ ನಿಂದ್ರತಾನಂತ?" ಎಂದು ಕೇಳುತ್ತಾರೆ. "ನಿಮ್ಮ ಡ್ರಮ್ಮಿನ ಮ್ಯಾಲ," ಎಂದ ಲಾಡಬಿ ರೊಟ್ಟಿ ಕೊಟ್ಟು ಹೊರಟುಹೋಗುತ್ತಾರೆ.

ಈ ಕುರ್ಚಿ, ಡ್ರಮ್ಮುಗಳ ರಾಮಾಯಣ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮುರ್ತುಜಾಸಾಬರ ಮೂಲ ಬಿಜಾಪುರ ಜಿಲ್ಲೆಯ ಮುದ್ದೇಬಿಹಾಳದ ಕಡೆ. ಉರುಸು, ಮದುವೆ ಬಂದಾಗ ಊರ ಮನೆಗಳಿಗೆಲ್ಲ ಸುಣ್ಣ ಬಳಿಯುವುದು ಅಪ್ಪನ ಕಸುಬಾಗಿತ್ತು. ಮಗ ಎಂಬತ್ತರ ದಶಕದ ಮೊದಲಿಗೆ ಗೋವಾಕ್ಕೆ ಬಂದು ಮಂಗೋರ್ ಹಿಲ್‌ನಲ್ಲಿ ಗೂಡು ಕಟ್ಟಿಕೊಂಡು ಬಂದರಿನಲ್ಲಿ ಮೂಟೆ ಹೊತ್ತರು. ಬೆನ್ನು ಹಿಡಿದುಕೊಂಡಿತು. ಆಗ 'ಮುರಗಾಂವ್ ಮರೀನರ್ಸ್' ಎಂಬ ಫುಟ್ಬಾಲ್ ಕ್ಲಬ್ಬಿನ ಕಚೇರಿಗೆ ಸುಣ್ಣ ಬಳಿಯಲು ಹೋದವರಿಗೆ, ಮೈದಾನಕ್ಕೂ ನಾಲ್ಕು ಗೆರೆ ಎಳೆದುಬಿಡು ಎಂದರಂತೆ. ಗೋಡೆಗೆ ಹಾಕುವಂತೆಯೇ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಎಳೆದರು. ಆಟಗಾರರು ಬಿದ್ದು ಬಿದ್ದು ನಕ್ಕರು. ಕೆಲಸ ಮಾತ್ರ ಕಾಯಂ ಆಯಿತು.

ಒಂದು ಪಂದ್ಯಕ್ಕೆ ಎರಡು ಚೀಲ ಸುಣ್ಣ ಬೇಕು. ಅಂಗೈ ಬಿರಿದಿದೆ, ಕಣ್ಣು ಯಾವಾಗಲೂ ಕೆಂಪು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಮಲಗಬೇಕು. ಗೆರೆ ಎಳೆದು ಮುಗಿಸಿದ ಮೇಲೆ ಅಕಾಲದ ಮಳೆ ಬಂತೋ, ಮುಗಿಯಿತು ಕಥೆ, ಮತ್ತೆ ಮೊದಲಿಂದ. ಹೀಗಿದ್ದೂ ಅವರು ಈ ಕೆಲಸ ಬಿಡದಿರುವುದಕ್ಕೆ ಕಾರಣ ಒಂದೇ. ಗೆರೆ ಎಳೆಯುತ್ತ ಎಳೆಯುತ್ತ ಮರೀನರ್ಸ್ ಹುಚ್ಚು ನೆತ್ತಿಗೇರಿದೆ.

ಆದರೆ ಸೀಟಿ ಊದಿದ ಮೇಲೆ ಅವರು ಒಳಗಿರುವಂತಿಲ್ಲ. ಮೊದಲ ವರ್ಷವೇ, ಒಂದು ಗೋಲಿಗೆ ಕುಣಿದಾಡಿದ್ದಕ್ಕೆ ಸೆಕ್ರೆಟರಿ ಕೈಹಿಡಿದು ಗೇಟಿನಾಚೆ ಬಿಟ್ಟು ಬಂದಿದ್ದರು. "ತೂ ಕಾಮ್ಗಾರ್ ಹೈ, ಸಪೋರ್ಟರ್ ನಹೀ." ನೀನು ಕೆಲಸದವನು, ಸಪೋರ್ಟರ್ ಅಲ್ಲ ಅಂತ. ಆವತ್ತಿನಿಂದ ತಂತಿ ಬೇಲಿಯ ಹೊರಗೆ ಖಾಲಿ ಡಾಂಬರು ಡ್ರಮ್ಮೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಆಟ ನೋಡುವುದು ರೂಢಿ. ಸುತ್ತ ಮಂಗೋರ್ ಹಿಲ್‌ನ ಹಮಾಲರು, ಲಾರಿ ಕ್ಲೀನರುಗಳು. ಇವರನ್ನೆಲ್ಲ ಊರವರು ಕರೆಯುವುದು ಒಂದೇ ಮಾತಿನಿಂದ: 'ಭಾಯ್ಲೆ'. ಕೊಂಕಣಿಯಲ್ಲಿ ಹಾಗೆಂದರೆ ಹೊರಗಿನವರು.

ಒಳಗೆ ಬೆತ್ತದ ಕುರ್ಚಿಯಲ್ಲಿ ಕಾಯ್ತಾನ್ ಬಾಬ್. ಹಡಗಿನಲ್ಲಿ ಅಡುಗೆಯವನಾಗಿ ದೇಶ ಸುತ್ತಿ ಬಂದ ವಾಸ್ಕೋದ ಮುದುಕ. ತಲೆಗೆ ಹುಲ್ಲಿನ ಟೋಪಿ, ಕೊರಳಿಗೆ ಕ್ಲಬ್ಬಿನ ನೀಲಿ ರುಮಾಲು. ಗೆದ್ದ ಆಟಗಾರರು ಮೊದಲು ಕೈ ಕುಲುಕುವುದು ಅವನದೇ. ಪೇಪರಿನಲ್ಲಿ ಅವನ ಫೋಟೋ ಬಂದಿದೆ, ಕೆಳಗೆ 'ನಂಬರ್ ಒನ್ ಸಪೋರ್ಟರ್' ಎಂದು ಬರೆದಿದ್ದಾರೆ. ಸಾಲದ್ದಕ್ಕೆ ಮನೆಯಲ್ಲಿ ಲಾಡಬಿಯ ಬಾಯಲ್ಲೂ ಅವನದೇ ಹೊಗಳಿಕೆ. "ಭಾಳ ಚಲೋ ಮನಿಷಾ, ಬಾಬ. ಮೀನ ಸಾರು ಡಬ್ಬಿಗಿ ಹಾಕಿ ಕೊಟ್ಟಾರ." ಮುರ್ತುಜಾಸಾಬರು ಆ ಸಾರನ್ನು ಬೈಯುತ್ತಲೇ ಉಣ್ಣುತ್ತಾರೆ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಈ ಕಿಚ್ಚು ಕಾಯ್ತಾನ್ ಒಬ್ಬನಿಗೇ ಮೀಸಲೂ ಅಲ್ಲ. ಎಡಗಡೆಯಿಂದ ಓಡುವ ಅಗ್ನೆಲ್ ಎಂಬ ಆಟಗಾರನ ಬಗ್ಗೆ ಕೇಳಿ ನೋಡಿ. "ಅಂವನ ಎಡಗಾಲಾಗ ಬಂಗಾರ ಐತ್ರಿ. ತಲ್ಯಾಗ ನನ್ನ ಸುಣ್ಣ ಐತಿ. ಮೋಟರ್‌ಸೈಕಲ್ ಕೊಟ್ಟಾರ, ಅದಕ್ಕ ಸೊಕ್ಕು." ಕೋಚ್ ಬಗ್ಗೆ? "ಕಲ್ಕತ್ತಾದಿಂದ ಒಬ್ಬ ಬಂದ, ಕೇರಳದಿಂದ ಒಬ್ಬ ಬಂದ. ಸೋತ್ರ ಮೈದಾನ ಸರಿ ಇಲ್ಲ ಅಂತಾರ. ಗೆದ್ದಾಗ ಒಬ್ಬಾಂವರ ಮೈದಾನ ಚಲೋ ಇತ್ತು ಅಂದಾನೇನ್ರಿ?" ದಿಲ್ಲಿಯ ರಾಜಕೀಯ? "ಹದಿಮೂರು ಪಾರ್ಟಿ ಕೂಡಿ ಒಂದು ಟೀಮು. ಎಲ್ಲಾರೂ ಕ್ಯಾಪ್ಟನ್. ಬಾಲ್ ಬಂದ್ರ ಪಾಸ್ ಯಾರಿಗ ಕೊಡಬೇಕ್ರಿ, ಹೇಳ್ರಿ ನೀವ."

ದಿಲ್ಲಿಯ ವಿಷಯದಲ್ಲಿ ಅವರಿಗೊಂದು ಸ್ವಂತ ನೋವಿದೆ. ಹೋದ ವರ್ಷ ಕರ್ನಾಟಕದವರೊಬ್ಬರು ಪ್ರಧಾನಿಯಾದರಲ್ಲ, ಆಗಿನ ಮಾತು. ಮಂಗೋರ್ ಹಿಲ್‌ನ ಚಹಾದಂಗಡಿಯ ಅಡಿವೆಯ್ಯ, ಬೆಳಗಾವಿ ಕಡೆಯವರು, ಬಸ್ಸಿನಲ್ಲಿ ಬಂದ ಕನ್ನಡ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು: "ಬಾಹ್ಯ ಬೆಂಬಲದಿಂದ ಸರ್ಕಾರ." ಮುರ್ತುಜಾಸಾಬರ ಕಿವಿಗೆ ಅದು 'ಭಾಯ್ಲೆ ಬೆಂಬಲ' ಎಂದು ಬಿತ್ತು. ಅರೇ, ಭಾಯ್ಲೆ ಅಂದರೆ ನಾವೇ ಅಲ್ಲವೇ! ಹೊರಗಿನವರ ಬೆಂಬಲದ ಮೇಲೆ ನಮ್ಮ ಮನುಷ್ಯ ದಿಲ್ಲಿಯ ಕುರ್ಚಿ ಏರಿದ್ದಾನೆ! ಗುಡ್ಡದ ಮೇಲಿನ ಮನೆಮನೆಗೂ ಹೋಗಿ ಸಾರಿದರು. "ಸರ್ಕಾರ ನಮ್ಮ ಮ್ಯಾಲ ನಿಂತೈತ್ರೋ!" ಎಂದು ಡ್ರಮ್ಮಿನ ಮೇಲಿಂದ ಸೆಕ್ರೆಟರಿಗೂ ಕೂಗಿ ಹೇಳಿದರು. ವಾರ ಕಳೆದ ಮೇಲೆ ಅಡಿವೆಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕು ಅರ್ಥ ಬಿಡಿಸಿದರು. "ಅದು ಬಾಹ್ಯ, ಸಾಬ್ರ. ಒಳಗ ಕುರ್ಚಿ ತಗೊಳ್ಳಂಗಿಲ್ಲ, ಹೊರಗ ನಿಂತು ಬೆಂಬಲ ಕೊಡ್ತಾರ." ಮುರ್ತುಜಾಸಾಬರು ಒಂದು ಗಳಿಗೆ ಪೆಚ್ಚಾದರು. ಆಮೇಲೆ, "ಅಂದ್ರ ಅದೂ ನಾನ ಆದ್ನಲ್ರಿ!" ಎಂದರು.

ಮೊನ್ನೆ ಆ ಬೆಂಬಲವನ್ನು ವಾಪಸ್ ಪಡೆದು ಸರ್ಕಾರ ಉರುಳಿಸಿದಾಗ ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಬೆಂಬಲ ಅಂದ್ರ ಕೊಟ್ಟ ಮ್ಯಾಲ ಮುಗೀತು. ಕೊಟ್ಟು ಕಸಕೊಳ್ಳಾಕ ಅದೇನು ಬಾಜೂಮನಿಯ ಕೊಡಪಾನಾ?"

ಇಷ್ಟು ಮಾತು ಬಲ್ಲ ಮನುಷ್ಯ ಫೆಬ್ರವರಿಯಲ್ಲಿ ಮಾಡಿದ ಘನಕಾರ್ಯ ಈಗ ವಾಸ್ಕೋದಲ್ಲೆಲ್ಲ ಗೊತ್ತು. ಹಿಂದಿನ ದಿನದ ಪೇಪರಿನಲ್ಲಿ ಕಾಯ್ತಾನ್‌ನ ಫೋಟೋ ಮತ್ತೆ ಬಂದಿತ್ತು. ಬೆಳಗಿನ ಜಾವ ಮುರ್ತುಜಾಸಾಬರು ಹುರಿಯ ಗೂಟ ಕಿತ್ತು, ಒಂದು ಮೊಳ ಆಚೆಗೆ ಹೊಡೆದರು. ಮೂಲೆಯ ಬಾವುಟದ ಕೋಲುಗಳನ್ನೂ ಸರಿಸಿದರು. ಗೆರೆ ಎಳೆದು ನೋಡಿದರೆ ಕುರ್ಚಿ ಗೆರೆಯ ಒಳಗೆ! ಪಂದ್ಯಕ್ಕೆ ಮೊದಲು ರೆಫರಿ ಬಂದು, ಇದನ್ನು ಎತ್ತಿ ಎಂದ. ಕಾಯ್ತಾನ್ ಗ್ಯಾಲರಿಗೆ ಹೋಗಲಿಲ್ಲ. ಗೇಟು ದಾಟಿ ನೆಟ್ಟಗೆ ತಂತಿ ಬೇಲಿಯ ಹತ್ತಿರ ಬಂದು, ಮುರ್ತುಜಾಸಾಬರ ಡ್ರಮ್ಮಿನ ಪಕ್ಕದಲ್ಲೇ ನಿಂತ. "ಹಾಂಗಾಚ್ಯಾನ್ ಬರೆಂ ದಿಸ್ತಾ," ಅಂದ. ಇಲ್ಲಿಂದ ಚೆನ್ನಾಗಿ ಕಾಣುತ್ತದೆ ಅಂತ!

ವರ್ಷಗಟ್ಟಲೆ ಸುಣ್ಣ ಬಿದ್ದು ಹಳೆಯ ಗೆರೆಯ ಗುಂಟ ಹುಲ್ಲು ಸುಟ್ಟುಹೋಗಿದೆ. ಆಟಗಾರರ ಕಾಲಿಗೆ ಆ ಸುಟ್ಟ ಹುಲ್ಲೇ ಗುರುತು. ಆಟ ಮುಗಿಯಲು ಇನ್ನೇನು ಬಂತು ಅನ್ನುವಾಗ ಚೆಂಡು ಆ ಗುರುತು ದಾಟಿತು. ಹೊರಗೆ ಹೋಯಿತೆಂದು ಅಗ್ನೆಲ್ ಕೈ ಎತ್ತಿ ನಿಂತ. ಹೊಸ ಗೆರೆಯ ಲೆಕ್ಕದಲ್ಲಿ ಅದಿನ್ನೂ ಒಳಗೇ ಇತ್ತು. ಎದುರಾಳಿ ಅದನ್ನು ಕಾಲಲ್ಲೇ ಸೆಳೆದುಕೊಂಡು ಓಡಿ ಗೋಲು ಹೊಡೆದ. ಸಮ ಆಗಬೇಕಿದ್ದ ಪಂದ್ಯದಲ್ಲಿ ಮರೀನರ್ಸ್ ಸೋತಿತು, ಬರಬೇಕಿದ್ದ ಒಂದು ಪಾಯಿಂಟು ಹೋಯಿತು. ಡ್ರಮ್ಮಿನ ಮೇಲಿದ್ದ ಮುರ್ತುಜಾಸಾಬರು ಮೆಲ್ಲಗೆ ಕೆಳಗಿಳಿದರು.

ಸೆಕ್ರೆಟರಿ ಸುಟ್ಟ ಹುಲ್ಲು ನೋಡಿದರು, ಸುಣ್ಣ ನೋಡಿದರು, ನಾಳೆಯಿಂದ ಬರಬೇಡ ಎಂದರು. ಆಗ ನಡುವೆ ಬಂದವನು ಕಾಯ್ತಾನ್. ಮುರ್ತುಜಾಸಾಬರ ಹೆಗಲ ಮೇಲೆ ಕೈಯಿಟ್ಟು, "ತೊ ಆಮ್ಚೊ ಸಪೋರ್ಟರ್," ಅಂದ. ಇವನು ನಮ್ಮ ಸಪೋರ್ಟರ್, ತೆಗೆಯಬೇಡಿ ಎಂದು ಹಟ ಹಿಡಿದ. ಕೆಲಸ ಉಳಿಯಿತು. ಹೊಟ್ಟೆಕಿಚ್ಚು ಮಾತ್ರ ಇಮ್ಮಡಿಯಾಯಿತು. "ಆ ಮನಿಷಾ ಕೆಟ್ಟಾಂವರ ಆಗಬಾರದೇನ್ರಿ?" ಎಂದು ಮುರ್ತುಜಾಸಾಬರು ಹಲ್ಲು ಕಡಿಯುತ್ತಾರೆ. "ಚಲೋನೂ ಅಂವನ, ಕುರ್ಚಿನೂ ಅಂವಂದ. ನಮಗೇನು ಉಳೀತು?"

ಇವತ್ತು ಸೀಸನ್ನಿನ ಕೊನೆಯ ಪಂದ್ಯ. ಗೆದ್ದರೆ ಮರೀನರ್ಸ್ ಈ ಡಿವಿಜನ್ನಿನಲ್ಲಿ ಉಳಿಯುತ್ತದೆ, ಇಲ್ಲವಾದರೆ ಕೆಳಗಿನದಕ್ಕೆ ಬೀಳುತ್ತದೆ. ಫೆಬ್ರವರಿಯ ಆ ಒಂದು ಪಾಯಿಂಟು ಕೈಯಲ್ಲಿದ್ದರೆ ಸಮ ಮಾಡಿಕೊಂಡರೂ ಸಾಕಾಗುತ್ತಿತ್ತು. ಅದು ಎಲ್ಲರಿಗಿಂತ ಚೆನ್ನಾಗಿ ಮುರ್ತುಜಾಸಾಬರಿಗೆ ಗೊತ್ತು. "ಇವತ್ತ ನಮ್ಮ ವಿಶ್ವಾಸಮತ ಐತ್ರಿ," ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ.

ಸಂಜೆ, ಒಗೆದ ಅಂಗಿ ತೊಟ್ಟು ಬರುತ್ತಾರೆ. ಬೆತ್ತದ ಕುರ್ಚಿಯಲ್ಲಿ ತುದಿಗೆ ಕೂರುತ್ತಾರೆ. ಆಮೇಲೆ ಧೈರ್ಯ ಮಾಡಿ ಹಿಂದಕ್ಕೆ ಒರಗುತ್ತಾರೆ. ಆಟ ಶುರುವಾಗುತ್ತದೆ. ಇಷ್ಟು ಹತ್ತಿರದಿಂದ ಕಾಣುವುದು ಬರೀ ಕಾಲುಗಳು ಮತ್ತು ಲೈನ್ಸ್‌ಮನ್ನನ ಬೆನ್ನು. ಒಮ್ಮೆ "ಹೊಡಿಯೋ ಅಗ್ನೆಲ್!" ಎಂದು ಚೀರಿದರೆ, ಕೋಚ್ ತಿರುಗಿ ಬಾಯ ಮೇಲೆ ಬೆರಳಿಡುತ್ತಾನೆ. ಅಲ್ಲಿ ಬೇಲಿಯಾಚೆ ಕಾಯ್ತಾನ್ ಡ್ರಮ್ಮಿನ ಮೇಲೆ ನಿಂತು ಟೋಪಿ ಬೀಸುತ್ತಿದ್ದಾನೆ. ಸುತ್ತ ಮಂಗೋರ್ ಹಿಲ್‌ನ ಮಂದಿ ಅವನ ಜೊತೆ ಸೇರಿ ಕುಣಿಯುತ್ತಿದ್ದಾರೆ. ಮುರ್ತುಜಾಸಾಬರ ಹೊಟ್ಟೆಯಲ್ಲಿ ಬೆಂಕಿ ಏಳುತ್ತದೆ. "ಆ ಡ್ರಮ್ ನಂದ್ರಿ! ಆ ಮಂದಿನೂ ನಮ್ಮಾವರ!"

ಹಾಫ್‌ಟೈಮ್ ಸೀಟಿ ಊದಿದ್ದೇ ತಡ ಎದ್ದು ಗೇಟು ದಾಟಿ ಹೋಗುತ್ತಾರೆ. "ಬಾಬ, ಇಳೀರಿ. ನಿಮ್ಮ ಕುರ್ಚಿ ನಿಮಗ, ನನ್ನ ಡ್ರಮ್ ನನಗ." ಕಾಯ್ತಾನ್ ಇಳಿಯುವುದಿಲ್ಲ. ನಕ್ಕು, ಒಂದು ಪಾದದಷ್ಟು ಜಾಗ ಬಿಟ್ಟು ಸರಿಯುತ್ತಾನೆ. ಮುರ್ತುಜಾಸಾಬರು ಅವನ ಸೊಂಟ ಹಿಡಿದುಕೊಂಡೇ ಹತ್ತುತ್ತಾರೆ. ಒಳಗೆ ಕುರ್ಚಿ ಖಾಲಿ ಬಿದ್ದಿದೆ. ಇಬ್ಬರು ಮುದುಕರು ಒಂದೇ ಡ್ರಮ್ಮಿನ ಮೇಲೆ, ಒಬ್ಬ ಕೊಂಕಣಿಯಲ್ಲಿ, ಒಬ್ಬ ಕನ್ನಡದಲ್ಲಿ, ಅಗ್ನೆಲ್‌ನ ವಂಶವನ್ನೆಲ್ಲ ಬೈಯುತ್ತಿದ್ದಾರೆ.

ಅಗ್ನೆಲ್ ಒಂದು ಗೋಲು ಹೊಡೆಯುತ್ತಾನೆ. ಎದುರಾಳಿಗಳೂ ಒಂದು ಹೊಡೆಯುತ್ತಾರೆ. ಅಷ್ಟೇ. ಪಂದ್ಯ ಸಮ. ಒಂದೇ ಒಂದು ಪಾಯಿಂಟಿನಲ್ಲಿ ಮರೀನರ್ಸ್ ಕೆಳಗೆ ಬೀಳುತ್ತದೆ. ಮಂದಿ ಚದುರುತ್ತಾರೆ. ಮುರ್ತುಜಾಸಾಬರು ಬೇಲಿಯ ತಂತಿಗೆ ಹಣೆ ಹಚ್ಚಿ ನಿಲ್ಲುತ್ತಾರೆ. "ಆ ಪಾಯಿಂಟ್ ನಾ ತಿಂದ್ನಿ, ಬಾಬ," ಎನ್ನುತ್ತಾರೆ ಕೊನೆಗೆ. ಕಾಯ್ತಾನ್‌ಗೆ ಕನ್ನಡ ಬಾರದು. ಆದರೂ ಕೊರಳಿನ ನೀಲಿ ರುಮಾಲು ಬಿಚ್ಚಿ ಅವರ ಕೈಗಿಟ್ಟು, ಕುಂಟುತ್ತ ಮನೆಯ ದಾರಿ ಹಿಡಿಯುತ್ತಾನೆ. ಮುರ್ತುಜಾಸಾಬರು ಅದರಿಂದಲೇ ಕಣ್ಣೊರೆಸಿಕೊಳ್ಳುತ್ತಾರೆ.

ಅಂಗಡಿ ಮುಚ್ಚಿ ಬಂದ ಅಡಿವೆಯ್ಯ ಕೆಣಕುತ್ತಾರೆ: "ಏನ್ರಿ ಸಾಬ್ರ, ದಿಲ್ಲ್ಯಾಗ ಸರ್ಕಾರ ಬಿತ್ತು, ಇಲ್ಲಿ ಟೀಮ್ ಬಿತ್ತು. ಇನ್ನ ನಿಮ್ಮ ಬಾಹ್ಯ ಬೆಂಬಲ?"

ಮುರ್ತುಜಾಸಾಬರು ಡ್ರಮ್ಮನ್ನು ಉರುಳಿಸಿ ಗೋಡೆಗೆ ಒತ್ತರಿಸುತ್ತಾರೆ. ಮುಂದಿನ ಸೀಸನ್ನಿಗೆ ಇನ್ನೊಂದು ಡ್ರಮ್ ಹುಡುಕಬೇಕು, ಇದರಲ್ಲಿ ಅರ್ಧ ಕಾಯ್ತಾನ್ ಪಾಲಾಯಿತು ಎಂದು ಗೊಣಗುತ್ತಾರೆ. ಕೊರಳಿಗೆ ನೀಲಿ ರುಮಾಲು ಬಿಗಿದುಕೊಂಡ ಮೇಲೆ ಅಡಿವೆಯ್ಯನ ಕಡೆ ತಿರುಗುತ್ತಾರೆ.

"ಬೀಳೂದು ಅವರ ಕೆಲಸ. ನಂದು ಭಾಯ್ಲ್ಯಾನ ಬೆಂಬಲ್ರಿ. ವಾಪಸ್ ತಗೊಂಡು ಎಲ್ಲಿ ಇಟ್ಟುಕೊಳ್ಳಲಿ?"