ಕಾಶಿಯ ಗಿಂಡಿ, ಉಬ್ಬಿದ ಪವರ್ ಬ್ಯಾಂಕ್

ನಾವು ಬರುತ್ತಿದ್ದ ವಿಮಾನಕ್ಕೆ ಬೆಂಕಿ ಹಿಡಿದ ಕತೆಯನ್ನು ನಮ್ಮಣ್ಣ ಕಮ್ಮರಡಿಯ ಅಂಗಡಿ ಬೆಂಚಿನ ಮೇಲೆ ಕೂತು ಹೇಳುವಾಗ ಗಂಗಾಮಾತೆ ಬರುತ್ತಾಳೆ, ವಿಶ್ವನಾಥ ಬರುತ್ತಾನೆ, ಅವನ ಧೈರ್ಯವೂ ಬರುತ್ತದೆ. ಪವರ್ ಬ್ಯಾಂಕ್ ಮಾತ್ರ ಬರುವುದಿಲ್ಲ. ಕೇಳಿದಾಗಲೆಲ್ಲ ನನ್ನ ಮೈ ಉರಿದುಹೋಗುತ್ತದೆ.

ಯಾಕೆಂದರೆ ಬೆಂಕಿ ಹೊತ್ತಿದ್ದು ಅವನದೇ ಪವರ್ ಬ್ಯಾಂಕಿನಿಂದ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ನಾಲ್ಕು ದಿನ ಬಾರದ್ದೂ ಉಂಟು. ಹಾಗಾಗಿ ಎಷ್ಟೇ ಹಳೆಯದಾದರೂ ಪವರ್ ಬ್ಯಾಂಕನ್ನು ಯಾರೂ ಎಸೆಯುವುದಿಲ್ಲ. ಅಣ್ಣನದು ಹೊಟ್ಟೆ ಉಬ್ಬಿ, ಬದಿಯಲ್ಲಿ ಬಾಯಿ ಬಿಟ್ಟಿತ್ತು. ಸೈಕಲ್ ಟ್ಯೂಬಿನ ರಬ್ಬರ್ ಬಿಗಿದು ಅದನ್ನೇ ಕಾಶಿಗೆ ತಂದಿದ್ದ. ಹೋದದ್ದು ಮೂವರೇ: ಅವನು, ನಾನು, ಎಂಬತ್ತು ದಾಟಿದ ಅಮ್ಮ.

ಕಾಶಿಗೆ ಹೋದವರು ಇಷ್ಟದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು ಎನ್ನುವುದು ಕ್ರಮ. ಅಮ್ಮ ಕಾಫಿ ಬಿಟ್ಟಳು. ಅಣ್ಣ ಹಾಗಲಕಾಯಿ ಬಿಟ್ಟ. ಹುಟ್ಟಿದಾಗಿನಿಂದ ಹಾಗಲಕಾಯಿ ಬಾಯಿಗಿಟ್ಟವನಲ್ಲ ಅವನು! ಸುಳ್ಳು ಬಿಡಬಹುದಿತ್ತು, ಅದು ಅವನಿಗೆ ಬಹಳ ಇಷ್ಟದ್ದು.

ವಾಪಸು ಬರುವ ವಿಮಾನ ಹೊರಡುವ ಮೊದಲು ಗಗನಸಖಿ ಹುಡುಗಿಯೊಬ್ಬಳು ನಮ್ಮ ಸಾಲಿಗೆ ಬಂದು, ನಮ್ಮ ಮಾತು ಕೇಳಿಸಿಕೊಂಡು, ಕನ್ನಡದಲ್ಲೇ ಹೇಳಿದಳು: "ಪವರ್ ಬ್ಯಾಂಕ್ ಇದ್ರೆ ಮೇಲೆ ಇಡಬೇಡಿ ಸಾರ್, ಕೈಯಲ್ಲೇ ಇಟ್ಕೊಳ್ಳಿ." ಅಣ್ಣ "ಇಲ್ಲ, ಇಲ್ಲ" ಎಂದು ತಲೆ ಅಲ್ಲಾಡಿಸಿದ. ಅದು ತಲೆಯ ಮೇಲಿನ ಗೂಡಿನಲ್ಲಿಟ್ಟ ಬ್ಯಾಗಿನಲ್ಲಿತ್ತು. ನಾನು ಅವನನ್ನು ತಿವಿದೆ. "ಅವ್ರು ಹಾಂಗೇ ಹೇಳ್ತಾರೆ ಮಾರಾಯ್ತಿ, ಸುಮ್ನಿರು" ಎಂದ. ನಾನೂ ಸುಮ್ಮನಿದ್ದೆ. ನಾಲ್ಕು ಜನರ ಮುಂದೆ ಅಣ್ಣನ ಮಾತಿಗೆ ಎದುರಾಡಬಾರದು ಎಂದು ಕಲಿಸಿದ ಬುದ್ಧಿಗೆ ಬೆಂಕಿ ಬೀಳಲಿ!

ನಿಜವಾಗಿಯೂ ಬಿತ್ತು. ವಿಮಾನ ಇಳಿಯುತ್ತಿತ್ತು, ಕೆಳಗೆ ರಸ್ತೆಯ ಮೇಲಿನ ಬಸ್ಸು ಕಾಣುತ್ತಿತ್ತು. ತಲೆಯ ಮೇಲೆ ಚಟ್ ಎಂದಿತು. ಪ್ಲಾಸ್ಟಿಕ್ ಸುಟ್ಟ ವಾಸನೆ, ಬಿಳಿ ಹೊಗೆ, ಆಮೇಲೆ ಜ್ವಾಲೆ. ಚಕ್ರ ನೆಲ ಮುಟ್ಟುವ ಮೊದಲೇ ಆ ಹುಡುಗಿ ಓಡಿ ಬಂದು ಬೆಂಕಿ ಆರಿಸುವ ಸಿಲಿಂಡರ್ ಹೊಡೆಯುತ್ತಿದ್ದಳು. ವಿಮಾನ ನಿಂತಾಗ ಬಾಗಿಲು ತೆರೆದು, "ಬ್ಯಾಗ್ ಬಿಡಿ, ಇಳೀರಿ!" ಎಂದು ಕಿರುಚಿದಳು.

ಅಣ್ಣ ಎಂತ ಮಾಡಿದ? ಸೀಟಿನ ಮೇಲೆ ಹತ್ತಿ ನಿಂತ. ಎದುರು ಬದಿಯ ಗೂಡಿನಲ್ಲಿ ಗಂಗೆಯ ನೀರು ತುಂಬಿದ ಗಿಂಡಿ ಇತ್ತು, ಮುಷ್ಟಿಯಷ್ಟು ದೊಡ್ಡದು, ಬಾಯಿಗೆ ಬೆಸುಗೆ ಹಾಕಿದ ತಾಮ್ರದ್ದು. ಅದನ್ನು ಎಳೆಯುತ್ತಾ ದಾರಿಗೆ ಅಡ್ಡ ನಿಂತ. ಅವನ ಹಿಂದೆ ಅಮ್ಮ ಕೆಮ್ಮುತ್ತಾ ಕುಸಿದಳು. ಆ ಹುಡುಗಿ ಅವನನ್ನು ತಳ್ಳಿ, ಕರಗಿ ಸುರಿಯುತ್ತಿದ್ದ ಪ್ಲಾಸ್ಟಿಕ್ಕಿನ ಕೆಳಗೆ ಕೈ ಚಾಚಿ, ಅಮ್ಮನನ್ನು ಎತ್ತಿಕೊಂಡು ಹೋಗಿ ಬಾಗಿಲಿನಿಂದ ನೆಲಕ್ಕೆ ಬಿಟ್ಟ ರಬ್ಬರಿನ ಜಾರುಬಂಡೆಯಿಂದ ಇಳಿಸಿದಳು. ಕೆಳಗಿಳಿದು ನೋಡಿದರೆ ಅವಳ ಬಲಗೈ ಮೊಣಕೈವರೆಗೂ ಸುಲಿದಿತ್ತು.

ಊರಿಗೆ ಬಂದು ತಿಂಗಳಾದ ಮೇಲೆ ಕಾಶಿ ಸಮಾರಾಧನೆ ಇಟ್ಟುಕೊಂಡೆವು. ಗಿಂಡಿಗೆ ಪೂಜೆಯಾಗಿ, ಬೆಸುಗೆ ಒಡೆದು, ಎಲ್ಲರಿಗೂ ತೀರ್ಥ ಕೊಟ್ಟ ಮೇಲೇ ಊಟ. ನಾನು ಮುತ್ತಿನಕೊಪ್ಪದ ನನ್ನ ಮನೆಯಿಂದ ಬೆಳಿಗ್ಗೆಯೇ ಅಣ್ಣನ ಮನೆಗೆ ಹೋಗಿದ್ದೆ. ಅಣ್ಣ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದ: "ವಿಮಾನ ಕಂಪನಿಯವ್ರು ವಿಚಾರಣೆಗೆ ಮೇಲ್ ಮಾಡಿದ್ರು. ಪವರ್ ಬ್ಯಾಂಕ್ ಬಗ್ಗೆ ನಮಗೆ ಯಾರೂ ಹೇಳ್ಲಿಲ್ಲ ಅಂತ ಬರ್ದಿದ್ದೇನೆ. ನಿಂಗೂ ಫೋನ್ ಬರ್ತದೆ, ಹಾಂಗೇ ಹೇಳು."

"ಆ ಹುಡುಗಿ ಕೆಲಸ ಹೋಗ್ತದಲ್ಲ ಅಣ್ಣ?"

"ಬೇರೆ ಸಿಗ್ತದೆ ಮಾರಾಯ್ತಿ. ನನ್ನ ತಲೆ ಮೇಲೆ ಕೇಸ್ ಬಂದ್ರೆ?"

ಹತ್ತಿದ ಏಣಿ ಒದೆಯುವವರನ್ನು ನೋಡಿದ್ದೇನೆ. ಇವನು ಏಣಿಗೆ ಬೆಂಕಿಯನ್ನೂ ಇಟ್ಟು, ಆಮೇಲೆ ಒದ್ದಿದ್ದ. ಸೀದಾ ಒಳಗೆ ಹೋದೆ. ಶೃಂಗೇರಿಯಿಂದ ಬಂದ ಭಟ್ಟರು ಬೆಸುಗೆ ಒಡೆಯಲು ಕೈ ಚಾಚಿದ್ದರು. ಮಣೆಯ ಮೇಲಿದ್ದ ಗಿಂಡಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತೆ.

"ಸುಳ್ಳು ಬರ್ದಿದ್ದೇನೆ ಅಂತ ಈಗಲೇ ಮೇಲ್ ಮಾಡು. ಅಲ್ಲಿವರೆಗೆ ಈ ಮನೇಲಿ ಯಾರಿಗೂ ತೀರ್ಥ ಇಲ್ಲ, ಊಟವೂ ಇಲ್ಲ."

ಎಲೆ ಹಾಕಿಯಾಗಿತ್ತು. ದೊಡ್ಡಪ್ಪನೊಬ್ಬ, "ಹೆಂಗಸ್ರಿಗೆ ಇಷ್ಟು ಸಿಟ್ಟು ಆಗದು" ಎಂದ. ಅಣ್ಣ, "ಗಂಗೆ ಕಾಪಾಡಿದ್ಳು, ಗಂಗೆಗೇ ಅವಮಾನ ಮಾಡ್ತೀಯಾ?" ಎಂದು ಕೂಗಿದ. ಆಗ ಮೂಲೆಯಲ್ಲಿ ಕೂತಿದ್ದ ಅಮ್ಮ ಬಾಯಿ ತೆರೆದಳು.

"ಮಾಣಿ, ಆ ವಿಮಾನದ ಕೂಸು ನನ್ನ ಎತ್ತಿಕೊಂಡಿತ್ತು. ನೀನು ಗಿಂಡಿ ಎತ್ತಿಕೊಂಡಿದ್ದೆ."

ಅಣ್ಣ ಕನ್ನಡಕ ಹಾಕಿಕೊಂಡು, ಫೋನಿನಲ್ಲಿ ಒಂದೇ ಬೆರಳಲ್ಲಿ, ಒಂದೊಂದೇ ಅಕ್ಷರ ಒತ್ತಿ ಬರೆದ. "ಹುಡುಗಿ ಹೇಳಿದ್ದಳು, ನಾನು ಇಲ್ಲವೆಂದೆ, ಪವರ್ ಬ್ಯಾಂಕ್ ನನ್ನದು." ನಾನು ಗಟ್ಟಿಯಾಗಿ ಓದಿ, ಕಳಿಸಿ, ಆಮೇಲೆ ಭಟ್ಟರಿಗೆ ಗಿಂಡಿ ಕೊಟ್ಟೆ.

ಎಲ್ಲರೂ ಅಂಗೈ ಒಡ್ಡಿದರು. ಅಮ್ಮ ಒಡ್ಡಲಿಲ್ಲ. "ಆ ಕೂಸಿಗೆ ಕೆಲಸ ಉಂಟು ಅಂತ ಸುದ್ದಿ ಬರಲಿ, ಆಮೇಲೆ ಕುಡಿತೆ" ಎಂದಳು.

ಕಂಪನಿಯಿಂದ ಇವತ್ತಿಗೂ ಉತ್ತರ ಬಂದಿಲ್ಲ. ಅಮ್ಮನ ಪಾಲಿನ ತೀರ್ಥ ದೇವರ ಗೂಡಿನಲ್ಲಿ, ಲೋಟದಲ್ಲಿ, ಹಾಗೇ ಮುಚ್ಚಿಟ್ಟಿದೆ.