ಮುಡಿಪಾಗಿ ಹೋದ ವಹಿ

ರೇಶನ್ ಅಕ್ಕಿಯ ಕಲ್ಲು ಆರಿಸುತ್ತ ಜಗಲಿಯಲ್ಲಿ ಕೂತಿದ್ದಾಗ ಕುಮಟೆಯಿಂದ ಕಾರ್ಡು ಬಂತು. ನಮ್ಮವರು ಚಳಿಜ್ವರದಲ್ಲಿ ಮಲಗಿದ್ದರು, ಹಾಗಾಗಿ ನಾನೇ ಓದಿ ಹೇಳಿದೆ. ಕುಮಟೆಯ ವಿಠ್ಠಲ ಮಾಸ್ತರರು ಬರೆದಿದ್ದರು: "ನನಗೆ ಹಳಿಯಾಳದ ಕಡೆಗೆ ವರ್ಗವಾಗಿದೆ. ಸೋಮವಾರ ಹೊರಡುತ್ತೇನೆ. ನಿಮ್ಮ ವಹಿ ಕೊನೆಗೂ ನನ್ನ ಕೈ ಸೇರಲಿಲ್ಲ. ಕೂಡಿ ಕಲಿಯೋಣವೆಂದು ಕರೆದವರೂ ನೀವೇ, ಬಾಗಿಲು ಹಾಕಿಕೊಂಡವರೂ ನೀವೇ."

ನಮ್ಮವರು ಶಿರಾಲಿಯ ಶಾಲೆಯಲ್ಲಿ ಮಾಸ್ತರರು. ಪಾಠದ ಜೊತೆಗೆ ಶಾಲೆಯ ಪುಸ್ತಕದ ಕಪಾಟೂ ಅವರ ತಲೆಗೇ ಬಿದ್ದಿತ್ತು. ಅದನ್ನು ನಡೆಸುವುದು ಹೇಗೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಹೊನ್ನಾವರದ ಗಣಪಯ್ಯ ಮಾಸ್ತರರದೂ ಕುಮಟೆಯ ವಿಠ್ಠಲ ಮಾಸ್ತರರದೂ ಇದೇ ಪಾಡೆಂದು ತಿಳಿದು, ಕಾರ್ಡು ಬರೆದು, ಮೂವರೂ ಒಂದು ಏರ್ಪಾಡು ಮಾಡಿಕೊಂಡರು. ಒಂದು ವಹಿ, ತಾನು ಕಲಿತದ್ದನ್ನೂ ತನಗೆ ತಿಳಿಯದ್ದನ್ನೂ ಅದರಲ್ಲಿ ಬರೆದು ಮುಂದಿನ ಊರಿಗೆ ಕಳಿಸುವುದು. ಶಿರಾಲಿಯಿಂದ ಹೊನ್ನಾವರ, ಅಲ್ಲಿಂದ ಕುಮಟೆ, ತಿರುಗಿ ಶಿರಾಲಿ. ಯುದ್ಧದಿಂದಾಗಿ ಕಾಗದ ಸಿಗದ ಕಾಲ. ಹಳೆಯ ಹಾಜರಿ ಪಟ್ಟಿಗಳ ಖಾಲಿ ಹಾಳೆ ಸೇರಿಸಿ ನಾನೇ ಹೊಲಿದುಕೊಟ್ಟಿದ್ದೆ.

ನವರಾತ್ರಿ ಮುಗಿದ ಮೇಲೆ ಬಸ್ಸಿನ ಏಜೆಂಟನ ಕೈಯಲ್ಲಿ ಕಳಿಸಿದ ಆ ವಹಿ ಏಳು ತಿಂಗಳಾದರೂ ತಿರುಗಿ ಬರಲಿಲ್ಲ. ಕೇಳಿದರೆ ಗಣಪಯ್ಯ ಮಾಸ್ತರರು "ಬಂದೇ ಇಲ್ಲ" ಎಂದು ಬರೆದರು. ಏಜೆಂಟ "ಅವರ ಜಗಲಿಯಲ್ಲೇ ಇಟ್ಟು ಬಂದೆ" ಎಂದು ಆಣೆ ಹಾಕಿದ. ನಮ್ಮವರು ಏಜೆಂಟನನ್ನು ನಂಬಿದರು. "ನೀವು ಸುಳ್ಳುಗಾರರು" ಎಂದು ಹೊನ್ನಾವರಕ್ಕೆ ಕಾರ್ಡು ಹಾಕಿದರು. ಅಲ್ಲಿಗೆ ಮೂರೂರಿನ ಮಾತು ನಿಂತಿತು.

ಕುಮಟೆಯ ಕಾರ್ಡು ಕೇಳಿ "ಹೋಗ್ಲಿ ಬಿಡು" ಎಂದು ಗೋಡೆಯ ಕಡೆ ತಿರುಗಿದರು. ಮಧ್ಯಾಹ್ನದ ಗಂಜಿ ಮುಟ್ಟಲಿಲ್ಲ. ನಾನೇ ಹೋಗಿ ಹುಡುಕುತ್ತೇನೆ ಎಂದೆ.

"ಗಂಡಸರ ಸಿಟ್ಟು ಹೊತ್ಕೊಂಡು ಹೆಂಗಸರು ಹೊಳೆ ದಾಟೂದು ಎಲ್ಲಾದ್ರೂ ಉಂಟನೇ?" ಎಂದರು ದೇವಕಿ ಅತ್ತಿಗೆ, ನಮ್ಮವರ ಅಕ್ಕ.

"ಬರೂದಾದ್ರೆ ಬನ್ನಿ ಅತ್ತಿಗೆ. ಇಲ್ಲಾಂದ್ರೆ ನನ್ನ ಸಂಗಡ ದೇವರಿದ್ದಾನೆ."

"ದೇವರಿಗೆ ಇದ್ದಿಲು ಬಸ್ಸು ದೂಡೂಕೆ ಬರೂದಿಲ್ಲ. ನಾನೇ ಬರ್ತೆ, ಆತು."

ಶನಿವಾರ ಬೆಳಿಗ್ಗೆ ಹೊರಟೆವು. ಮನೆಯಲ್ಲಿ ನಮ್ಮವರನ್ನು ನೋಡಿಕೊಳ್ಳಲು ಅತ್ತೆ ಇದ್ದರು. ಪೆಟ್ರೋಲು ಇಲ್ಲದ್ದರಿಂದ ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಶರಾವತಿಯ ಈಚೆ ದಂಡೆಯವರೆಗೆ ಸುಮಾರು ಇಪ್ಪತ್ತು ಮೈಲು, ತಲೆಗೆ ಎಂಟಾಣೆ. ಎರಡು ಏರಿನಲ್ಲಿ ಬಸ್ಸು ನಿಂತಿತು, ಎರಡು ಕಡೆಯೂ ಇಳಿದು ನಡೆದೆವು. ಅತ್ತಿಗೆ ಕಂಡಕ್ಟರನಿಗೆ, "ನಡೆದದ್ದಕ್ಕೆ ಎಷ್ಟು ತಿರುಗಿ ಕೊಡ್ತೆ ತಮ್ಮಾ?" ಎಂದು ಕೇಳಿದರು. ವೈಶಾಖದ ಬಿಸಿಲು. ಆದರೂ ದೋಣಿಯಲ್ಲಿ ಹೊಳೆ ದಾಟುವಾಗ ಗಾಳಿ ಬೀಸಿತು. ದೇವರು ಅಷ್ಟಾದರೂ ಕೊಟ್ಟನಲ್ಲ ಎಂದು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಗಣಪಯ್ಯ ಮಾಸ್ತರರ ಮನೆ ಬಂದರಿನ ದಾರಿಯಲ್ಲಿತ್ತು. ನಾವು ಯಾರೆಂದು ತಿಳಿದೊಡನೆ ಅವರ ಮುಖ ಕಪ್ಪಾಯಿತು. "ಸುಳ್ಳುಗಾರನ ಮನೆಗೆ ಎಂತಕ್ಕೆ ಬಂದ್ರಿ?"

ಅವರ ತಾಯಿ ನೀರು, ಬೆಲ್ಲ ತಂದಿಟ್ಟರು. ಹೊರಡುವ ಮುಂಚೆ ಅವರ ದೇವರಿಗೆ ಕೈ ಮುಗಿದು ಬರುತ್ತೇನೆಂದು ಒಳಗೆ ಹೋದೆ. ದೇವರ ಮಣೆಯ ಮಗ್ಗುಲಲ್ಲಿ ಅರಿಶಿಣ ಬಟ್ಟೆಯ ಒಂದು ಗಂಟು ಇತ್ತು, ಅದರ ಮೇಲೆ ಅಂದಿನ ದಾಸವಾಳ. ಬಟ್ಟೆಯ ಅಂಚು ನೋಡಿ ಕೈ ಚಾಚಿದೆ. ಅದು ನನ್ನ ಹಳೆಯ ಸೀರೆ.

"ಮುಟ್ಟಬೇಡ ಮಗಾ," ಎಂದರು ಆ ತಾಯಿ. "ಯಾರದ್ದೋ ಇಡಗುಂಜಿ ಗಣಪತಿಯ ಮುಡಿಪು. ನಮ್ಮ ಗಣಪಯ್ಯ ಕಾರವಾರಕ್ಕೆ ತರಬೇತಿಗೆ ಹೋದಾಗ ಯಾರೋ ಜಗಲಿ ಮೇಲೆ ಇಟ್ಟು ಹೋಗಿದ್ರು. ಅತ್ಲಾಗೆ ಹೋಗುವವರು ಸಿಕ್ಕಿದ್ರೆ ಕೊಡುವಾ ಅಂತ ಇಟ್ಟೆ. ಪರರ ಹರಕೆ ಬಿಚ್ಚೂಕಾಗ್ತದಾ?"

ಆಗುವುದಿಲ್ಲ. ನಮ್ಮ ಕಡೆ ಯಾರೂ ಬಿಚ್ಚುವುದಿಲ್ಲ. ಅರಿಶಿಣ ಬಟ್ಟೆಯಲ್ಲಿ ಕಾಸಿಟ್ಟು ಗಂಟು ಹಾಕಿದರೆ ಅದು ದೇವರ ಸ್ವತ್ತು. ನಮ್ಮವರು ವಹಿಯನ್ನು ಕಾಗದದಲ್ಲಿ ಸುತ್ತಿ ಹೆಸರು, ವಿಳಾಸ ಬರೆದಿದ್ದರು. ದಾರಿಯಲ್ಲಿ ಕೆಡದಿರಲಿ, ಮೂವರಿಗೂ ಒಳ್ಳೆಯದಾಗಲಿ ಎಂದು ನಾನು ಅವರಿಗೆ ತಿಳಿಯದಂತೆ ಅದರ ಮೇಲೆ ಅರಿಶಿಣದ ಬಟ್ಟೆ ಸುತ್ತಿ, ತುದಿಯಲ್ಲಿ ಒಂದಾಣೆ ಕಟ್ಟಿ, ನಾನೇ ಏಜೆಂಟನ ಕೈಗೆ ಕೊಟ್ಟಿದ್ದೆ. ವಿಳಾಸ ಬಟ್ಟೆಯೊಳಗೆ ಹೂತುಹೋಯಿತು.

"ಅದು ನಾನು ಕಟ್ಟಿದ್ದು, ಅಮ್ಮಾ," ಎಂದೆ.

ಗಂಟು ಬಿಚ್ಚಿದಾಗ ಮಾಸ್ತರರು ನಿಂತಲ್ಲೇ ನಾಲ್ಕು ಹಾಳೆ ಓದಿದರು. ಆಮೇಲೆ ಕೂತರು. "ಏಳು ತಿಂಗಳು ದಿನಾ ಮಿಂದು ಇದಕ್ಕೇ ಕೈ ಮುಗಿದೆ. ಮತ್ತೆ ಶಾಲೆಗೆ ಹೋಗಿ ಕಪಾಟಿನ ಮುಂದೆ ದಿಕ್ಕು ಕಾಣದೆ ನಿಂತೆ."

ಅತ್ತಿಗೆ, "ದೇವರು ಓದಿಕೊಂಡಿರಬೇಕು ಬಿಡಿ," ಎಂದರು.

ಅಂದು ಅಲ್ಲೇ ಉಳಿದೆವು. ಊಟವಾಗುವಷ್ಟರಲ್ಲಿ ಮಾಸ್ತರರು ಎರಡು ಪುಟ ಬರೆದಿದ್ದರು. ಶಾಲೆ ಬಿಡಿಸಿದ ಹೆಣ್ಣುಮಕ್ಕಳಿಗೆ ತಮ್ಮಂದಿರ ಕೈಯಲ್ಲಿ ಪುಸ್ತಕ ಮುಟ್ಟಿಸಿದ ಬಗೆ ಅದರಲ್ಲಿತ್ತು. ವಹಿ ಕೊಡುವಾಗ ಹೇಳಿದರು: "ಇದು ಮಕ್ಕಳಿಗಾಗಿ ಬರೆದದ್ದು ತಂಗೀ. ನಿಮ್ಮವರಿಗಲ್ಲ. ಅವರ ಕಾರ್ಡು ಇನ್ನೂ ನನ್ನ ಹತ್ರ ಉಂಟು."

ಭಾನುವಾರ ಮೊದಲ ಬಸ್ಸಿಗೆ ಕುಮಟೆಗೆ ಹೋದೆವು. ಹನ್ನೆರಡು ಮೈಲು, ಐದಾಣೆ. ವಿಠ್ಠಲ ಮಾಸ್ತರರು ಟ್ರಂಕಿಗೆ ಹಗ್ಗ ಬಿಗಿಯುತ್ತಿದ್ದರು. ಸಿಕ್ಕಿದರಲ್ಲ ಎಂದು ನಾನು ಮನಸ್ಸಿನಲ್ಲೇ ದೇವರಿಗೆ ತುಪ್ಪದ ದೀಪದ ಹರಕೆ ಹೇಳಿಕೊಂಡೆ. ಅವರು ವಹಿಯ ಮೊದಲ ಪುಟ ತೆರೆದರು. ಒರಲೆ, ಅಂದರೆ ಗೆದ್ದಲು, ಬಾರದಂತೆ ಕಪಾಟಿನ ಕಾಲಿಗೂ ಹಿಂಬದಿಗೂ ಗೇರೆಣ್ಣೆ ಹಚ್ಚಬೇಕೆಂದು ನಮ್ಮವರು ಅದರಲ್ಲಿ ಬರೆದಿದ್ದರು. ಗೇರುಬೀಜದ ಸಿಪ್ಪೆಯಿಂದ ಇಳಿಯುವ ಆ ಎಣ್ಣೆಯನ್ನು ನಮ್ಮಲ್ಲಿ ದೋಣಿಗೆ ಬಳಿಯುತ್ತಾರೆ.

ಮಾಸ್ತರರು ಆ ಸಾಲಿನ ಮೇಲೆ ಬೆರಳಿಟ್ಟರು. "ಪುಷ್ಯ ಮಾಸದಲ್ಲಿ ನನ್ನ ಕಪಾಟಿಗೆ ಒರಲೆ ಹತ್ತಿತು. ಮೂರು ಹಲಗೆ ಪುಸ್ತಕ ಹುಡಿ ಆತು. ಗೇರೆಣ್ಣೆ ಪಕ್ಕದ ಮನೆಯ ಹಿತ್ತಲಲ್ಲೇ ಇತ್ತಲ್ಲ ತಾಯೀ!"

ಮುಡಿಪಿನ ಸಂಗತಿ ಹೇಳಿದೆ. ಬಯ್ದಿದ್ದರೆ ಒಳ್ಳೆಯದಿತ್ತು. ಅವರು ಬಯ್ಯಲಿಲ್ಲ. ಮುರುಗಲು ಹಣ್ಣಿನ ಪಾನಕ ಮಾಡಿಸಿ ಕೊಟ್ಟರು.

"ಒಂದೆರಡು ಸಾಲಾದ್ರೂ ಬರೆದುಕೊಡಿ," ಎಂದು ಬೇಡಿದೆ.

"ಹೋಗುವ ಊರಲ್ಲಿ ಕಪಾಟೇ ಇಲ್ಲ. ನಾನು ಎಂತ ಬರೀಲಿ?" ಎಂದು ವಹಿಯನ್ನು ನನ್ನ ಕೈಗಿಟ್ಟು, ಮತ್ತೆ ಹಗ್ಗ ಹಿಡಿದರು.

ಆ ದಿನ ಹೊನ್ನಾವರದವರೆಗೆ ಬಂದು ಛತ್ರದಲ್ಲಿ ತಂಗಿ, ಸೋಮವಾರ ಮಧ್ಯಾಹ್ನ ಮನೆ ಮುಟ್ಟಿದೆವು. ನಮ್ಮವರ ಜ್ವರ ಬಿಟ್ಟಿತ್ತು, ದೊಡ್ಡ ಕೃಪೆ. ವಹಿ ಕೊಟ್ಟೆ, ಗಂಟಿನ ಕತೆಯನ್ನೂ ಒರಲೆಯ ಕತೆಯನ್ನೂ ಏನೊಂದೂ ಮುಚ್ಚದೆ ಹೇಳಿದೆ.

"ನನ್ನ ಹತ್ರ ಒಂದು ಮಾತು ಹೇಳಿ ಕಟ್ಟೂಕಾಗಿರಲಿಲ್ಲವಾ?" ಎಂದರು. ಗಣಪಯ್ಯ ಮಾಸ್ತರರ ಎರಡು ಪುಟ ಓದಿ, ಹಾಸಿಗೆಯಲ್ಲೇ ಕಾರ್ಡು ಬರೆದು ಅಂಚೆಗೆ ಹಾಕಲು ಕೊಟ್ಟರು. "ವಹಿ ಸಿಕ್ಕಿತು. ತಪ್ಪು ನಮ್ಮ ಮನೆಯವಳದು" ಎಂದಿತ್ತು.

ನಾನು ಅದನ್ನು ಅವರ ಎದೆಯ ಮೇಲೇ ಇಟ್ಟೆ. "ಗಂಟು ನಂದು. ಸುಳ್ಳುಗಾರ ಅಂದದ್ದು ಯಾರು? ಅದೂ ಬರೆಯಿರಿ. ಕುಮಟೆ ಹೋತು. ಹೊನ್ನಾವರವೂ ಹೋಗೂದು ಬೇಡ."

ಅತ್ತಿಗೆ ಬಾಗಿಲಲ್ಲಿ ನಿಂತು, "ಬರಿಯೋ ತಮ್ಮಾ, ಕೈಗೆ ಜ್ವರ ಇಲ್ಲವಲ್ಲ," ಎಂದರು.

ಅವರು ನನ್ನ ಮುಖ ನೋಡದೆ ಪೆನ್ಸಿಲು ತೆಗೆದುಕೊಂಡರು. ಕೆಳಗೆ, ಚಿಕ್ಕ ಅಕ್ಷರದಲ್ಲಿ, ಒಂದು ಸಾಲು ಸೇರಿತು: "ತಪ್ಪು ಮಾತು ಆಡಿದವನು ನಾನು." ಕ್ಷಮಿಸಿ ಎಂಬ ಶಬ್ದ ಬರಲಿಲ್ಲ. ಇಷ್ಟಕ್ಕೇ ಗಣಪಯ್ಯ ಮಾಸ್ತರರು ಉತ್ತರ ಬರೆದಾರೋ ಇಲ್ಲವೋ, ದೇವರೇ ಬಲ್ಲ. ಕಾರ್ಡು ಅಂಚೆಪೆಟ್ಟಿಗೆಗೆ ಹಾಕಿ ಬಂದೆ. ಅತ್ತೆಗೆ ಸೊಂಟ ಬಗ್ಗುವುದಿಲ್ಲವಾದ್ದರಿಂದ ಮೂರು ದಿನದ ಮುಸುರೆ ಪಾತ್ರೆ ಬಾವಿಕಟ್ಟೆಯಲ್ಲಿ ರಾಶಿ ಬಿದ್ದಿತ್ತು. ಸೆರಗು ಕಟ್ಟಿ, ಬೂದಿ ತೆಗೆದುಕೊಂಡು ತಿಕ್ಕಲು ಕೂತೆ.